ಉಳಿದದ್ದೆಲ್ಲ ನನಗಿರಲಿ

ನಮ್ಮ ಭಾವನವರಿಗೆ ತೂಕ-ಅಳತೆ ಇಲಾಖೆಯಲ್ಲಿ ಕೆಲಸ. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಮುಖ ಗಂಟಿಕ್ಕುವುದು. ಇಪ್ಪತ್ತೆರಡು ವರ್ಷಗಳಿಂದ ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷೆ ಮಾಡಿದ ಈ ಮನುಷ್ಯ ತಮ್ಮ ಬಾಯಿಂದ ಹೊರಡುವ ಮಾತನ್ನು ಮಾತ್ರ ಒಮ್ಮೆಯೂ ತೂಗಿ ನೋಡಿದವರಲ್ಲ. ಒಬ್ಬರೇ ಇದ್ದಾಗ ಬಹಳ ವಿವೇಕಿ. ನಾಲ್ಕು ಜನ ನೋಡುತ್ತಿದ್ದರೆ ಮುಗಿಯಿತು, ನಾಲಿಗೆಗೆ ಲಗಾಮಿಲ್ಲ. ನಾನು ಅವರ ಹೆಂಡತಿಯ ತಮ್ಮ, ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದು ಊಟದ ಹೊತ್ತಿಗೆ ಸರಿಯಾಗಿ ಕೆಳಗಿಳಿದು ಬರುತ್ತೇನೆ. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾದ್ದರಿಂದ ಭಾವನವರ ಕಥೆ ಹೇಳಲು ನನಗಿಂತ ಯೋಗ್ಯರು ಸಿಗಲಾರರು.

ಇದು ನಡೆದದ್ದು ವರ್ಷದ ಕೊನೆಯ ರಜೆಗೆ ಮೊದಲಿನ ಮೂರು ದಿನಗಳಲ್ಲಿ. ನಮ್ಮೂರ ಮಕ್ಕಳ ಆಸ್ಪತ್ರೆಯ ಮುಂದಿನ ಹಜಾರದಲ್ಲಿ ಪ್ರತಿ ವರ್ಷ ಆ ಮೂರು ದಿನ ಒಂದು ಮಾರಾಟ ಇರುತ್ತದೆ. ಜನ ತಮ್ಮ ಮನೆಯಿಂದ ಒಂದೋ ಎರಡೋ ವಸ್ತು ತಂದುಕೊಡಬೇಕು. ಬೇರೆಯವರು ತಂದದ್ದನ್ನು ರಜೆಯ ಉಡುಗೊರೆಗೆಂದು ಕೊಳ್ಳಬೇಕು. ಬಂದ ಹಣದಲ್ಲಿ ಉಸಿರಾಟದ ತೊಂದರೆಯಿರುವ, ಕೈಲಾಗದ ಮನೆಯ ಮಕ್ಕಳಿಗೆ ಒಂದೊಂದು ಪುಟ್ಟ ಮಶೀನು ಕೊಡುತ್ತಾರೆ. ಔಷಧಿಯನ್ನು ಹಬೆಯ ಹಾಗೆ ಮಾಡಿ ಮೂಗು-ಬಾಯಿ ಮುಚ್ಚುವ ಮಾಸ್ಕಿನ ಮೂಲಕ ಎದೆಗೆ ಇಳಿಸುವ ಮಶೀನು. ಅದು ಮನೆಯಲ್ಲಿದ್ದರೆ ಮಗು ಮನೆಯಲ್ಲಿರಬಹುದು. ಇಲ್ಲದಿದ್ದರೆ ಚಳಿಗಾಲ ಕಳೆಯುವವರೆಗೂ ವಾರ್ಡಿನಲ್ಲೇ ಇರಬೇಕು.

ಮಾರಾಟ ನಡೆಸುವವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಿನ ಅರ್ಧ ಜನರನ್ನು ಪಾಸು ಮಾಡಿದವರು, ಉಳಿದರ್ಧ ಜನರನ್ನು ಫೇಲು ಮಾಡಿದವರು. ಎಲ್ಲರಿಗೂ ಅವರು ಹೆಡ್‌ಮೇಡಂ. ಅವರ ನಿಯಮ ಎರಡೇ. ವಸ್ತು ತಂದವರೇ ಚೀಟಿಯ ಮೇಲೆ ತಮ್ಮ ಹೆಸರು ಮತ್ತು ಬೆಲೆ ಬರೆದು ಅಂಟಿಸಬೇಕು. ಮೂರನೆಯ ದಿನ ಸಂಜೆ ಏನು ಉಳಿಯುತ್ತದೋ ಅದನ್ನು ತಂದವರೇ ಎಲ್ಲರೆದುರು ಎತ್ತಿಕೊಂಡು ವಾಪಸ್ ಹೋಗಬೇಕು. ಈ ಎರಡನೆಯ ನಿಯಮದಲ್ಲಿ ಅವರ ನಲವತ್ತು ವರ್ಷದ ಮೇಷ್ಟ್ರಗಿರಿಯೆಲ್ಲ ಅಡಗಿತ್ತು. ಯಾರಿಗೂ ಬೇಡವಾದ ತಮ್ಮ ಹೂದಾನಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರವರ ಮುಂದೆ ಮೆಟ್ಟಿಲಿಳಿಯುವುದಕ್ಕೆ ಯಾರಿಗೆ ಇಷ್ಟ? ಹಾಗಾಗಿ ಜನ ಒಳ್ಳೆಯದನ್ನೇ ತರುತ್ತಿದ್ದರು, ಬೆಲೆಯನ್ನೂ ಇಳಿಸಿಯೇ ಬರೆಯುತ್ತಿದ್ದರು.

ಮೊದಲ ದಿನ ಸಂಜೆ ಹಜಾರ ತುಂಬಿತ್ತು. ಭಾವನವರ ಮೇಲಧಿಕಾರಿ ಸಾಹೇಬರು ಸಪತ್ನೀಕರಾಗಿ ಬಂದಿದ್ದರು. ನಮ್ಮ ಎದುರುಮನೆಯ ಪೆನ್ಷನ್ ಯಜಮಾನರು ಒಂದು ಟೀ ಸೆಟ್ಟು, ಒಂದು ದೀಪ, ಒಂದು ಕಂಬಳಿ ಕೊಂಡು ಮೂರನ್ನೂ ಎದೆಗವಚಿಕೊಂಡು ಎಲ್ಲರಿಗೂ ಕಾಣುವಂತೆ ಓಡಾಡುತ್ತಿದ್ದರು. ಭಾವ ಕೊಂಡಿದ್ದು ಒಂದು ಬಾಚಣಿಗೆ. ಅವರ ತಲೆಯಲ್ಲಿ ಬಾಚಲು ಏನೂ ಉಳಿದಿಲ್ಲವೆಂಬುದನ್ನು ಇಲ್ಲಿ ಹೇಳಬೇಕಾದ್ದು ನನ್ನ ಕರ್ತವ್ಯ.

"ಏನ್ ಸ್ವಾಮಿ," ಎಂದರು ಪೆನ್ಷನ್ ಯಜಮಾನರು ಸಾಹೇಬರಿಗೆ ಕೇಳಿಸುವಂತೆ, "ಊರಿಗೆಲ್ಲ ಮುದ್ರೆ ಒತ್ತೋ ಕೈ, ಒಂದು ಬಾಚಣಿಗೆ ಎತ್ತೋ ಹೊತ್ತಿಗೇ ಸೋತುಹೋಯ್ತಾ?"

ಸಾಹೇಬರು ನಕ್ಕರು. ಅವರು ನಕ್ಕದ್ದರಿಂದ ಇಡೀ ಇಲಾಖೆ ನಕ್ಕಿತು. ಭಾವನವರ ಕಿವಿ ಕೆಂಪಾಯಿತು. ನಾನು ಅವರ ತೋಳು ಹಿಡಿಯುವಷ್ಟರಲ್ಲಿ ಬಾಯಿ ತೆರೆದಾಗಿತ್ತು.

"ಯಜಮಾನ್ರೇ, ಒಂದೆರಡು ವಸ್ತು ಕೊಂಡು ಡಂಗುರ ಹೊಡೆಯೋ ಜಾಯಮಾನ ನಮ್ದಲ್ಲ. ಎಲ್ಲರೂ ಬೇಕಾದ್ದು ಕೊಳ್ಳಲಿ. ಕೊನೇ ದಿನ ಏನೇನು ಉಳಿಯುತ್ತೋ, ಉಳಿದದ್ದೆಲ್ಲ ನನಗಿರಲಿ! ಒಂದು ವಸ್ತೂ ವಾಪಸ್ ಹೋಗಬಾರದು!"

ಆಮೇಲೆ ಚಪ್ಪಾಳೆ. ಸಾಹೇಬರು ಬೆನ್ನು ತಟ್ಟಿದರು. ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡು, "ಐದನೇ ಕ್ಲಾಸಿನಲ್ಲಿ ಎರಡು ಸಲ ಕೂತವನು ನೀನೇ ಅಲ್ವೇನೋ? ನೋಡು, ಎಷ್ಟು ಚೆನ್ನಾಗಿ ಬೆಳೆದಿದ್ದೀಯ" ಎಂದು ಮೆಚ್ಚಿಕೊಂಡರು. ಬಾಯಿಮಾತು ಅವರಿಗೆ ಒಗ್ಗುವುದಿಲ್ಲ; ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯಬೇಕು. ಬಾಗಿಲ ಬಳಿಯ ಕರಿಹಲಗೆಯಲ್ಲಿ ದುಂಡಾದ ಅಕ್ಷರದಲ್ಲಿ ಬರೆದೇಬಿಟ್ಟರು: 'ಈ ವರ್ಷ ಉಳಿದ ವಸ್ತುಗಳನ್ನೆಲ್ಲ ಬರೆದ ಬೆಲೆಗೆ ಕೊಳ್ಳುವವರು ತೂಕ-ಅಳತೆ ಇಲಾಖೆಯ ಶ್ರೀಯುತರು.'

ದಾರಿಯಲ್ಲಿ ಭಾವ ನನಗೆ ತಮ್ಮ ಲೆಕ್ಕಾಚಾರ ಬಿಡಿಸಿ ಹೇಳಿದರು. "ನಿನಗೆ ಲೋಕಜ್ಞಾನ ಸಾಲದು ಕಣಯ್ಯಾ. ಪ್ರತಿ ವರ್ಷ ಕೊನೇಗೆ ಏನು ಉಳಿಯುತ್ತೆ ಹೇಳು? ಪಾತ್ರೆ ಇಲ್ಲದ ಒಂದು ಮುಚ್ಚಳ, ಎರಡು ಮೊಂಬತ್ತಿ. ಮೊಂಬತ್ತಿ ಬೆಲೆಗೆ ಮಹಾದಾನಿ ಅನ್ನಿಸಿಕೊಂಡೆ. ಇದಕ್ಕೆ ಬುದ್ಧಿವಂತಿಕೆ ಅಂತಾರೆ."

ಮನೆಯ ಮುಂದೆ ದರ್ಜಿ ಕಾಯುತ್ತ ನಿಂತಿದ್ದ. ಅವನು ನಮ್ಮ ಕಟ್ಟಡದ ಕೆಳಗಿನ ಕೋಣೆಯವನು. ಹೆಂಡತಿ ಇಲ್ಲ, ಆರು ವರ್ಷದ ಮಗಳು, ಪುಟ್ಟಿ. ಅವಳು ಒಂದೂವರೆ ತಿಂಗಳಿಂದ ಅದೇ ಆಸ್ಪತ್ರೆಯ ವಾರ್ಡಿನಲ್ಲಿದ್ದಳು. ಅವನು ಭಾವನವರ ಎರಡೂ ಕೈ ಹಿಡಿದುಕೊಂಡ.

"ಸಾರ್, ಮಶೀನಿನ ಪಟ್ಟೀಲಿ ನಮ್ಮ ಪುಟ್ಟಿದು ಹನ್ನೆರಡನೇ ಹೆಸರು. ಹೋದ ವರ್ಷ ಬಂದ ದುಡ್ಡಿಗೆ ಹನ್ನೊಂದೇ ಬಂದಿತ್ತು. ಈ ಸಲನೂ ಅಷ್ಟೇ ಏನೋ ಅಂತ ನಾನು ಆಸೆ ಬಿಟ್ಟಿದ್ದೆ. ನೀವು ಹಂಗೆ ಹೇಳಿದ್ದು ಕೇಳಿ ನಿಲ್ಲೋಕಾಗಲಿಲ್ಲ ಸಾರ್. ಓಡಿಹೋಗಿ ಮಗೂಗೆ ಹೇಳಿಬಿಟ್ಟೆ. ರಜೆಗೆ ನೀನು ಮನೇಗೇ ಬರ್ತೀಯ ಅಂತ."

"ಅದಕ್ಕೇನಪ್ಪಾ, ಬರಲಿ, ಬರಲಿ" ಎಂದರು ಭಾವ. ಧ್ವನಿ ದೊಡ್ಡದಾಗಿಯೇ ಇತ್ತು.

ದರ್ಜಿ ಆಗಲೇ ತನ್ನ ಕೋಣೆಯನ್ನು ಖಾಲಿ ಮಾಡತೊಡಗಿದ್ದ. ಬಟ್ಟೆಯ ನವಿರು ನೂಲು, ದೂಳು ಅವಳ ಎದೆಗೆ ಆಗದು. ಅದಕ್ಕೆ ಕತ್ತರಿಸುವ ಮೇಜು, ಹೊಲಿಗೆ ಯಂತ್ರ, ಚೂರುಬಟ್ಟೆಯ ಚೀಲ ಎಲ್ಲವನ್ನೂ ಹೊರಗಿನ ಓಣಿಗೆ ಎಳೆದು ಹಾಕಿ, ಒಳಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಿದ್ದ. ಮರುದಿನ ಬೆಳಿಗ್ಗೆ ನಾನು ಹೊರಟಾಗ ಚಳಿಯಲ್ಲಿ ಓಣಿಯಲ್ಲೇ ಕುಳಿತು ಪ್ಯಾಂಟು ಹೊಲಿಯುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದರೆ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಜನ ತುಂಬಿದ್ದರೆಂದಲ್ಲ, ವಸ್ತು ತುಂಬಿದ್ದವು. ಊರಿಗೆಲ್ಲ ಸುದ್ದಿ ಹರಡಿತ್ತು: ಈ ಸಲ ಏನು ತಂದರೂ ಹೋಗುತ್ತದೆ, ಎಷ್ಟು ಬರೆದರೂ ಹೋಗುತ್ತದೆ. ವರ್ಷಾನುಗಟ್ಟಲೆ ಅಟ್ಟದ ಮೇಲೆ ಸತ್ತು ಬಿದ್ದಿದ್ದ ಸಾಮಾನುಗಳೆಲ್ಲ ಪುನರ್ಜನ್ಮ ಪಡೆದು ಮೆರವಣಿಗೆ ಹೊರಟು ಬಂದಿದ್ದವು. ತಿರುಗದ ಫ್ಯಾನು. ಮುಚ್ಚದ ಕೊಡೆ. ಒಂದು ಕಾಲಿಗೆ ಮಾತ್ರ ಇರುವ ಬೂಟು. ನಮ್ಮ ಚಿಕ್ಕಮ್ಮ ಇಪ್ಪತ್ತಾರು ಖಾಲಿ ಸೀಸೆ ತಂದು, ಒಂದೊಂದಕ್ಕೂ ಬೇರೆ ಬೇರೆ ಚೀಟಿ ಅಂಟಿಸಿದ್ದರು.

"ಒಟ್ಟಿಗೆ ಒಂದು ಬೆಲೆ ಬರೆಯಬಹುದಿತ್ತಲ್ಲ ಚಿಕ್ಕಮ್ಮಾ?" ಎಂದೆ.

"ಮಕ್ಕಳ ಕೆಲಸಕ್ಕೆ ಜಿಪುಣತನ ಮಾಡಬಾರದಪ್ಪಾ" ಎಂದರು ಚಿಕ್ಕಮ್ಮ ಬಹಳ ಗಂಭೀರವಾಗಿ.

ಬೆಲೆಗಳಂತೂ ಆಕಾಶಕ್ಕೆ ಏಣಿ ಹಾಕಿದ್ದವು. ಹೇಗೂ ಕೊಳ್ಳುವವರು ಇದ್ದಾರೆ, ಹಣ ಹೇಗೂ ಮಕ್ಕಳಿಗೆ ಹೋಗುತ್ತದೆ. ಹೀಗಿರುವಾಗ ಕಡಿಮೆ ಬರೆದರೆ ಮಕ್ಕಳಿಗೆ ದ್ರೋಹ ಬಗೆದಂತಲ್ಲವೇ? ಯಾರದೋ ದುಡ್ಡಿನಲ್ಲಿ ಉದಾರಿಯಾಗುವ ಸುಖವನ್ನು ಊರು ಮೊದಲ ಸಲ ಸವಿಯುತ್ತಿತ್ತು. ಸಾಹೇಬರ ಹೆಂಡತಿ ತಾವೇ ಬರೆದ ಒಂದು ಕುದುರೆಯ ಚಿತ್ರ ತಂದಿದ್ದರು. ಬಾಗಿಲಿನಷ್ಟು ಅಗಲ. ಕುದುರೆಗೆ ಐದು ಕಾಲಿದ್ದವೋ, ನಾಲ್ಕು ಕಾಲು ಮತ್ತು ಒಂದು ಬಾಲವೋ ಎಂದು ಜನ ಗುಂಪು ಕಟ್ಟಿ ಚರ್ಚಿಸುತ್ತಿದ್ದರು. ಅದರ ಬೆಲೆಗೆ ನಿಜವಾದ ಕುದುರೆ ಬರುತ್ತಿತ್ತು. ಪೆನ್ಷನ್ ಯಜಮಾನರು ಮೂರು ಕಾಲಿನ ಒಂದು ಮಂಚ ಹೊರಿಸಿಕೊಂಡು ಬಂದಿದ್ದರು. ನಾಲ್ಕನೆಯ ಕಾಲಿನ ಜಾಗದಲ್ಲಿ ಇಟ್ಟಿಗೆ ಇಡಬೇಕು. ಇಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಕೊಳ್ಳಲು ಬಂದವರೂ ಇದ್ದರು. ಆದರೆ ಎತ್ತಿ ನೋಡುವರು, ಮೆಚ್ಚುವರು, ಬೋರ್ಡು ಓದುವರು, ಇದ್ದಲ್ಲೇ ಇಟ್ಟುಬಿಡುವರು. ಒಬ್ಬಾಕೆ ಚೆಂದದ ಉಣ್ಣೆಯ ಟೋಪಿಯೊಂದನ್ನು ಕೆಳಗಿಟ್ಟು ಗಂಡನಿಗೆ ಹೇಳುವುದು ಕೇಳಿಸಿತು: "ಬೇಡ ಬಿಡ್ರೀ. ಆ ಪುಣ್ಯಾತ್ಮ ಎಲ್ಲಾ ಕೊಳ್ತೀನಿ ಅಂತ ಸಂಕಲ್ಪ ಮಾಡಿದ್ದಾರೆ. ನಾವ್ಯಾಕೆ ಅವರ ಪುಣ್ಯಕ್ಕೆ ಅಡ್ಡ ಬರಬೇಕು?"

ಸತ್ಯ ಮುಚ್ಚಿಟ್ಟು ಕಥೆ ಹೇಳುವುದು ತಪ್ಪು. ನಾನೂ ನನ್ನ ಹಳೆಯ ಸೂಟ್‌ಕೇಸು ಒಯ್ದಿದ್ದೆ. ಬೀಗ ಹಾಕಲು ಬರುವುದಿಲ್ಲ, ಹಾಕಿದರೆ ತೆಗೆಯಲು ಬರುವುದಿಲ್ಲ. 'ಚೊಕ್ಕ ಚರ್ಮದ್ದು' ಎಂದು ಬರೆದು ಮುಂದೆ ಒಂದು ಸಂಖ್ಯೆ ಹಾಕಿದೆ. ಆಮೇಲೆ ಮಕ್ಕಳ ನೆನಪಾಗಿ ಅದರ ಪಕ್ಕದಲ್ಲಿ ಒಂದು ಸೊನ್ನೆ ಸೇರಿಸಿದೆ.

ಅಷ್ಟರಲ್ಲಿ ಭಾವ ಬಂದರು. ಬಾಗಿಲಲ್ಲೇ ನಿಂತರು. ಅವರ ಕಣ್ಣು ಮಂಚದಿಂದ ಕುದುರೆಗೆ, ಕುದುರೆಯಿಂದ ಸೀಸೆಗಳಿಗೆ ಹೋಯಿತು. ಬಂದು ಹೋಗುವವರೆಲ್ಲ ಅವರಿಗೆ ಕೈಮುಗಿದು, "ನಿಮ್ಮಿಂದ ನಮ್ಮ ಮನೆ ಅಟ್ಟ ಖಾಲಿಯಾಯ್ತು ಸ್ವಾಮಿ, ಆ ದೇವರು ನಿಮ್ಮನ್ನ ಚೆನ್ನಾಗಿಡಲಿ" ಎನ್ನುತ್ತಿದ್ದರು. ಅವರು ಪ್ರತಿಯೊಬ್ಬರಿಗೂ ಹಲ್ಲು ಕಾಣಿಸುತ್ತ ನೇರ ಹೆಡ್‌ಮೇಡಂ ಮುಂದೆ ಹೋಗಿ ಕೈಕಟ್ಟಿ ನಿಂತರು.

"ಮೇಡಂ, ಆ ಬೋರ್ಡು... ಅದನ್ನ ಒರೆಸಿಬಿಡಿ ಅಂತ ಕೇಳಿಕೊಳ್ಳೋಕೆ ಬಂದೆ."

"ಯಾಕೋ?"

"ಅಲ್ಲಾ, ನಾನೇನು ಅಂಥ ದೊಡ್ಡ ಮನುಷ್ಯನಲ್ಲ ಮೇಡಂ. ನನ್ನ ಕೈಲಿ ಏನಾಗುತ್ತೆ? ನನ್ನ ಯೋಗ್ಯತೆ ಎಷ್ಟು?"

ಅದು ಭಾವನವರು ಆ ವಾರ ಆಡಿದ ಮೊದಲ ಸತ್ಯ. ಹೆಡ್‌ಮೇಡಂ ಕಣ್ಣು ಒದ್ದೆಯಾಯಿತು. "ನೋಡಿದ್ರಾ," ಎಂದು ಸುತ್ತ ಇದ್ದವರಿಗೆಲ್ಲ ಹೇಳಿದರು, "ಇದಕ್ಕೆ ವಿನಯ ಅಂತಾರೆ. ಕಲೀರಿ." ಎದ್ದು ಹೋಗಿ ಬೋರ್ಡಿನ ಮೇಲೆ ಭಾವನವರ ಸಾಲಿನ ಕೆಳಗೆ ಎರಡು ಗೆರೆ ಎಳೆದರು. ಮತ್ತೆ ಚಪ್ಪಾಳೆ ಬಿತ್ತು.

ಆ ಸಂಜೆ ಭಾವ ಊಟಕ್ಕೆ ಕುಳಿತು ಅನ್ನ ಕಲಸುತ್ತಲೇ ಇದ್ದರು. ಅಕ್ಕ ಮೂಲೆಯಲ್ಲಿ ಪ್ರವಾಸದ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಈ ರಜೆಯಲ್ಲಿ ಇಬ್ಬರೂ ಸಮುದ್ರ ನೋಡಲು ಹೋಗುವವರಿದ್ದರು. ಎರಡು ವರ್ಷ ಉಳಿಸಿದ ಹಣ ಬೀರುವಿನಲ್ಲಿತ್ತು.

"ಯಾಕೋ ಮೈ ಸರಿ ಇಲ್ಲ ಕಣೇ" ಎಂದರು ಭಾವ. "ನಾಳೆ ಸಂಜೆ ಎದ್ದೇಳೋಕೇ ಆಗಲ್ಲ ಅನ್ಸುತ್ತೆ. ಎದೇಲಿ ಒಂಥರಾ ಭಾರ."

"ಮಾರಾಟ ನಡೀತಿರೋದು ಆಸ್ಪತ್ರೇಲೇ ಅಲ್ವಾ? ಸರಿಯಾಯ್ತು. ಅಲ್ಲೇ ತೋರಿಸಿಕೊಂಡು ಬನ್ನಿ" ಎಂದಳು ಅಕ್ಕ ತಲೆ ಎತ್ತದೆ. ಅವಳಿಗೆ ಎಲ್ಲ ಗೊತ್ತಿತ್ತು. ಚಿಕ್ಕಮ್ಮ ಸೀಸೆ ಕೊಟ್ಟ ಮೇಲೆ ನೆಮ್ಮದಿಯಾಗಿ ಬಂದು ಹೇಳಿಹೋಗಿದ್ದರು. "ಅತ್ತ ಒಬ್ಬರೂ ಕೊಳ್ತಿಲ್ಲ. ಇತ್ತ ನಿಮ್ಮ ಕೈಲಿ ಕೊಳ್ಳೋಕಾಗಲ್ಲ. ಹೋದ ವರ್ಷ ಹನ್ನೊಂದು ಮಶೀನಾದ್ರೂ ಬಂದಿತ್ತು. ಈ ವರ್ಷ ನಿಮ್ಮ ದೆಸೆಯಿಂದ ನಾಲ್ಕು ಬಂದ್ರೆ ಹೆಚ್ಚು. ಊರಿಗೆ ಏನಾದ್ರೂ ಹೇಳಿಕೊಳ್ಳಿ. ಪುಟ್ಟಿಗೆ ಏನು ಹೇಳ್ತೀರಿ?"

ಭಾವ ಕೈತೊಳೆದುಕೊಂಡು ಎದ್ದರು. ಕಿಟಕಿಯ ಕೆಳಗೆ ಓಣಿಯಲ್ಲಿ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ನನಗೂ ಆ ಹೊತ್ತು ನನ್ನ ಸೂಟ್‌ಕೇಸಿನ ನೆನಪಾಗಿ ಊಟ ಸೇರಲಿಲ್ಲ ಎಂದು ಬರೆಯಬೇಕೆಂದಿದೆ, ಆದರೆ ನಾನು ಎರಡು ಸಲ ಬಡಿಸಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಭಾವ ಕೆಲಸಕ್ಕೆ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ವಾರ್ಡಿಗೆ ಹೋದರು. "ಮಗೂಗೆ ನಿಜ ಹೇಳಿಬಿಡ್ತೀನಿ. ಆಮೇಲೆ ಆಗಿದ್ದಾಗಲಿ" ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದರು.

ಪುಟ್ಟಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಚಪ್ಪಲಿ ಹಾಕಿಕೊಂಡು ಕಾಲು ಇಳಿಬಿಟ್ಟು ಕುಳಿತು ಬಹಳ ಕೆಲಸದಲ್ಲಿದ್ದಳು. ಬಣ್ಣದ ಪೆನ್ಸಿಲುಗಳು, ಒಂದು ಬಟ್ಟೆಯ ಮೊಲ, ಎರಡು ಚಿತ್ರದ ಪುಸ್ತಕ ಎದುರಿಗೆ ಹರಡಿಕೊಂಡಿದ್ದಳು. ಮಾತಾಡುವಾಗ ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು; ಒಳಗೆ ಸಣ್ಣ ಸಿಳ್ಳೆಯಂಥ ಸದ್ದು.

"ಮೇಲ್ಮನೆ ಮಾಮಾ, ನಾನು ಇವತ್ತು ಸಂಜೆ ಮನೇಗೆ" ಎಂದಳು. "ಪೆನ್ಸಿಲು ಆ ಮೂಲೆಯವಳಿಗೆ ಕೊಟ್ಟೆ. ಮೊಲ... ಇನ್ನೂ ಯೋಚನೆ ಮಾಡ್ತಿದೀನಿ. ಈ ಕಿಟಕಿ ಹಾಸಿಗೆ ಪಕ್ಕದವಳಿಗೆ. ಅವಳಿಗೆ ಗೋಡೆ ಮಾತ್ರ ಕಾಣುತ್ತೆ, ಪಾಪ. ಪಟ್ಟೀಲಿ ಅವಳದ್ದು ಹದಿಮೂರು. ನಂದು ಹನ್ನೆರಡು."

ಪಕ್ಕದ ಹಾಸಿಗೆಯಲ್ಲಿ ಇನ್ನೂ ಚಿಕ್ಕ ಮಗುವೊಂದು ಈಗಲೇ ತನ್ನ ದಿಂಬನ್ನು ಎದೆಗಪ್ಪಿಕೊಂಡು ಬದಲಿಸಲು ಸಿದ್ಧವಾಗಿ ಕುಳಿತಿತ್ತು. ಭಾವ ಬಾಯಿ ತೆರೆದರು. ಮುಚ್ಚಿದರು. ಮೊಲದ ಕಿವಿಯನ್ನು ಒಮ್ಮೆ ನೇರ ಮಾಡಿ, "ಮೊಲ ನೀನೇ ಇಟ್ಕೋ" ಎಂದು ಹೇಳಿ ಹೊರಗೆ ಬಂದುಬಿಟ್ಟರು. ಮೆಟ್ಟಿಲ ಮೇಲೆ ಕುಳಿತು ತಲೆಗೆ ಕೈಹಚ್ಚಿದರು. ನನಗೆ ಅವರ ಮೇಲೆ ಸಿಟ್ಟಿತ್ತು, ಆದರೂ ಪಕ್ಕದ ಮೆಟ್ಟಿಲ ಮೇಲೆ ಕುಳಿತೆ.

ಮಧ್ಯಾಹ್ನವೆಲ್ಲ ಅವರು ಮಾರಾಟಗಾರರಾದರು. ಕೊಡೆ ಹಿಡಿದು ಬಾಗಿಲಲ್ಲಿ ನಿಂತು ಹೋಗಿಬರುವವರನ್ನು ಅಡ್ಡಗಟ್ಟಿದರು. "ತಗೊಳ್ಳಿ ಸಾರ್, ಮುಚ್ಚೋ ತಾಪತ್ರಯವೇ ಇಲ್ಲ!" ಒಂದು ಕಾಲಿನ ಬೂಟಿಗೆ ಇನ್ನೊಂದು ಬೂಟು ಕಳೆದುಕೊಂಡವರನ್ನು ಹುಡುಕಿಕೊಂಡು ಮೂಳೆ ವಿಭಾಗದವರೆಗೂ ಹೋಗಿ ಬಂದರು. ಜನ ಅವರ ಉತ್ಸಾಹ ಕಂಡು ಇನ್ನಷ್ಟು ಮೆಚ್ಚಿದರು. "ಕೊಳ್ಳೋದೂ ಅವರೇ, ಮಾರೋದೂ ಅವರೇ. ಇಂಥೋರು ಕೋಟಿಗೊಬ್ಬರು" ಎಂದರು. ಮಾರಿದ್ದು ಎರಡು ಸೀಸೆ.

ಸಂಜೆ ಐದಕ್ಕೆ ಹಜಾರ ಕಿಕ್ಕಿರಿಯಿತು. ಇಷ್ಟೊಂದು ಸಾಮಾನು ಒಬ್ಬನೇ ಹೊತ್ತೊಯ್ಯುವುದನ್ನು ನೋಡಲು ಊರೇ ಬಂದಿತ್ತು. ದರ್ಜಿ ಕೊನೆಯ ಬೆಂಚಿನಲ್ಲಿ ಮಡಿಸಿದ ಕಂಬಳಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ, ಮಗಳಿಗೆ ಹೊದಿಸಿ ಕರೆದೊಯ್ಯಲು. ಅಕ್ಕ ನನ್ನ ಪಕ್ಕದಲ್ಲಿ ನಿಂತಿದ್ದಳು. ಹೆಡ್‌ಮೇಡಂ ಗಂಟೆ ಬಾರಿಸಿ, "ಬಾರಪ್ಪಾ" ಎಂದು ಕರೆದರು.

ಭಾವ ಸ್ಟೂಲಿನ ಮೇಲೆ ಹತ್ತಿದರು. ಚಪ್ಪಾಳೆ ನಿಲ್ಲುವವರೆಗೂ ಕಾದರು.

"ನನ್ನ ಕೈಲಿ ಆಗಲ್ಲ" ಎಂದರು. "ಇದರಲ್ಲಿ ಕಾಲುಭಾಗ ಕೊಳ್ಳೋ ಶಕ್ತೀನೂ ನನಗಿಲ್ಲ. ಅವತ್ತು ನಾಲ್ಕು ಜನ ನೋಡ್ತಿದ್ರು, ಹೇಳಿಬಿಟ್ಟೆ. ಎರಡು ಮೊಂಬತ್ತಿ ಉಳಿಯುತ್ತೆ ಅಂದ್ಕೊಂಡಿದ್ದೆ. ತಪ್ಪಾಯ್ತು."

ಗುಸುಗುಸು ಗದ್ದಲವಾಯಿತು. "ಮಕ್ಕಳ ಹೆಸರಲ್ಲಿ ಮೋಸ!" ಎಂದು ಮೊದಲು ಕೂಗಿದವರು ಪೆನ್ಷನ್ ಯಜಮಾನರು. "ಇಲಾಖೆ ಮಾನ ಹರಾಜಿಗೆ ಹಾಕಿದಿರಲ್ರೀ!" ಎಂದರು ಸಾಹೇಬರು. ಚಿಕ್ಕಮ್ಮ, "ನಮ್ಮ ಹುಡುಗಿಯನ್ನ ಇಂಥವರಿಗೆ ಕೊಟ್ಟೆವಲ್ಲಾ" ಎಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಭಾವ ಕೆಳಗಿಳಿದು ಕೈಮುಗಿದು ಮೇಜಿನಿಂದ ಮೇಜಿಗೆ ಹೊರಟರು. "ಬೆಲೆ ಸ್ವಲ್ಪ ಇಳಿಸಿಕೊಡಿ. ಆದಷ್ಟೂ ನಾನೇ ತಗೋತೀನಿ. ಅಮ್ಮಾ, ಈ ಕುದುರೆ..."

"ಇಳಿಸೋದಾ?" ಸಾಹೇಬರ ಹೆಂಡತಿ ಉರಿದೆದ್ದರು. "ಎರಡು ತಿಂಗಳು ಕೂತು ಬರೆದದ್ದು. ಬರೆದ ಬೆಲೆಯೇ ಕಡಿಮೆ."

"ಯಜಮಾನ್ರೇ, ಮಂಚಕ್ಕೆ ಮೂರೇ ಕಾಲು..."

"ಮರ ನೋಡ್ರೀ, ಕಾಲು ಎಣಿಸಬೇಡಿ! ಅಂಥ ಮರ ಈಗ ದುಡ್ಡು ಸುರಿದ್ರೂ ಸಿಗಲ್ಲ. ಒಂದು ಕಾಸೂ ಇಳಿಸಲ್ಲ."

ಹಾಗೇ ಎಲ್ಲರೂ. ಒಬ್ಬರಾದರೂ ತಮ್ಮ ವಸ್ತುವಿಗೆ ಅಷ್ಟು ಬೆಲೆಯಿಲ್ಲವೆಂದು ಊರೆದುರು ಒಪ್ಪಲಿಲ್ಲ. ನನ್ನ ಹತ್ತಿರ ಬಂದಾಗ ನಾನೂ ಗಂಟಲು ಸರಿಮಾಡಿಕೊಂಡು, "ಚೊಕ್ಕ ಚರ್ಮ ಭಾವ" ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ಇಂದಿಗೂ ನಾನು ಏನು ಬೇಕಾದರೂ ಕೊಟ್ಟೇನು.

ಹೀಗೆ ಹೋಗುತ್ತ ಹೋಗುತ್ತ ಭಾವ ಕೊನೆಯ ಬೆಂಚಿನ ಮುಂದೆ ಬಂದು ನಿಂತರು. ಅಲ್ಲಿ ಇಳಿಸಲು ಬೆಲೆಯೇನೂ ಇರಲಿಲ್ಲ.

"ನಿನ್ನ ಕೈಲಿ ಪುಟ್ಟಿಗೆ ಸುಳ್ಳು ಹೇಳಿಸಿಬಿಟ್ಟೆ ಕಣಪ್ಪಾ" ಎಂದರು.

ದರ್ಜಿ ಕೂಗಾಡಲಿಲ್ಲ. ಕಂಬಳಿಯ ಮಡಿಕೆಯನ್ನೇ ಬೆರಳಲ್ಲಿ ತೀಡುತ್ತ ಹೇಳಿದ: "ಅವಳು ಬೆಳಿಗ್ಗೆಯಿಂದ ಚಪ್ಪಲಿ ಹಾಕ್ಕೊಂಡೇ ಕೂತಿದ್ದಾಳೆ ಸಾರ್. ನೀವೇ ಹೋಗಿ ಹೇಳಿ. ನನ್ನ ಕೈಲಾಗಲ್ಲ."

ಹಜಾರ ಅದನ್ನು ಕೇಳಿಸಿಕೊಂಡಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ಅಕ್ಕ ನನ್ನ ಪಕ್ಕದಿಂದ ಸರಿದು ಮೇಜಿನ ಬಳಿ ಹೋಗಿ ನನ್ನ ಸೂಟ್‌ಕೇಸು ಎತ್ತಿಕೊಂಡು ಬಂದಳು. ಎಲ್ಲರೆದುರು ನನ್ನ ಕಾಲ ಬಳಿ ಇಟ್ಟಳು.

"ಚೊಕ್ಕ ಚರ್ಮ ಅಲ್ವೇನೋ?"

"ಹೌದಕ್ಕಾ."

"ಇಷ್ಟು ಬೆಲೆ ಬಾಳುತ್ತೆ ಅಂತ ನೀನೇ ತಾನೇ ಬರೆದದ್ದು?"

"ನಾನೇ ಅಕ್ಕಾ, ಆದ್ರೆ..."

"ಇಷ್ಟು ಬೆಲೆ ಬಾಳೋದನ್ನ ಅವರಿವರಿಗೆ ಯಾಕೆ ಬಿಡ್ತೀಯ? ಬರೆದಷ್ಟು ಕೊಟ್ಟು ನೀನೇ ತಗೊಂಡು ಹೋಗು."

ನನ್ನ ಒಂದೂವರೆ ತಿಂಗಳ ಸಂಬಳ. ಸೇರಿಸಿದ ಆ ಸೊನ್ನೆ ನನ್ನನ್ನೇ ನೋಡುತ್ತಿತ್ತು. ಊರೂ ನೋಡುತ್ತಿತ್ತು. ನಾಲ್ಕು ಜನ ನೋಡುವಾಗ ಮನುಷ್ಯನಿಗೆ ಏನಾಗುತ್ತದೆಂದು ನನಗೆ ಆಗ ಚೆನ್ನಾಗಿ ತಿಳಿಯಿತು. ಇದ್ದದ್ದನ್ನು ಅಲ್ಲೇ ಕೊಟ್ಟು, ಉಳಿದದ್ದಕ್ಕೆ ಹೆಡ್‌ಮೇಡಂಗೆ ಚೀಟಿ ಬರೆದುಕೊಟ್ಟು ಸೂಟ್‌ಕೇಸು ಎತ್ತಿಕೊಂಡೆ. ಅಕ್ಕನ ಕಣ್ಣು ಚಿಕ್ಕಮ್ಮನ ಕಡೆ ತಿರುಗಿತು. ಚಿಕ್ಕಮ್ಮ ಯಾರೂ ಹೇಳುವ ಮೊದಲೇ ಸೀಸೆಗಳನ್ನು ಸೆರಗಿಗೆ ತುಂಬಿಕೊಳ್ಳತೊಡಗಿದರು.

"ನನ್ನ ಕುದುರೆಯನ್ನ ಆ ಮನುಷ್ಯನ ಗೋಡೆಗೆ ಬಿಡೋ ಪ್ರಶ್ನೆಯೇ ಇಲ್ಲ" ಎಂದು ಸಾಹೇಬರ ಹೆಂಡತಿ ಕೈಚೀಲಕ್ಕೆ ಕೈಹಾಕಿದರು. ಕಡಿಮೆ ಬಿದ್ದದ್ದಕ್ಕೆ ಸಾಹೇಬರತ್ತ ನೋಡಿದರು. ಸಾಹೇಬರು ಇಲಾಖೆಯ ಮಾನವನ್ನು ತಮ್ಮ ಜೇಬಿನಿಂದಲೇ ಉಳಿಸಬೇಕಾಯಿತು. ಆಮೇಲೆ ತಡವಾಗಲಿಲ್ಲ. ಸ್ವಂತ ಫ್ಯಾನನ್ನು, ಸ್ವಂತ ಬೂಟನ್ನು, ತಾವೇ ಬರೆದ ಬೆಲೆಗೆ ಹಲ್ಲುಕಚ್ಚಿ ಕೊಳ್ಳುವವರ ಸಾಲು ಬಾಗಿಲವರೆಗೆ ಬೆಳೆಯಿತು. ಆ ಉಣ್ಣೆಯ ಟೋಪಿಯ ಹೆಂಗಸು ಮಾತ್ರ ಯಾರೂ ಹೇಳದೆಯೇ ಬಂದು ಟೋಪಿ ಕೊಂಡು, ಮೆತ್ತಗೆ, "ಇದು ನಿಜವಾಗಲೂ ಬೇಕಿತ್ತು" ಎಂದಳು.

ಪೆನ್ಷನ್ ಯಜಮಾನರು ಮಾತ್ರ ಎಲ್ಲೂ ಕಾಣಲಿಲ್ಲ. ಅವರ ಮಂಚ, ಹಿತ್ತಿಲ ಬಾಗಿಲಿಂದ ಜಾರಿಕೊಂಡ ಇನ್ನು ಹತ್ತಾರು ಜನರ ಸಾಮಾನು ಉಳಿದವು. ಭಾವ ಅವುಗಳ ಮುಂದೆ ನಿಂತು ಅಕ್ಕನ ಮುಖ ನೋಡಿದರು. ಏನೂ ಕೇಳಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಅದನ್ನು ಮರೆಮಾಡಲಿಲ್ಲ.

"ಬೀರುವಿನ ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ" ಎಂದಳು. "ಹೋಗಿ ತಗೊಂಡು ಬನ್ನಿ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ."

ಎಲ್ಲ ಸೇರಿ ಹನ್ನೆರಡು ಮಶೀನಿಗೆ ಸರಿಹೋಯಿತು. ಹದಿಮೂರಕ್ಕೆ ಸಾಲಲಿಲ್ಲ. ಹೆಡ್‌ಮೇಡಂ ಬೋರ್ಡು ಒರೆಸಿ, ಸೀಮೆಸುಣ್ಣದ ಕೈಯಲ್ಲೇ ಭಾವನವರ ಕಿವಿ ಹಿಂಡಿ ಕಳಿಸಿದರು.

ರಜೆಯ ಎರಡನೆಯ ಬೆಳಿಗ್ಗೆ ನಾವು ಭಾವನವರ ಮನೆಯಲ್ಲಿ ಟೀ ಕುಡಿಯುತ್ತಿದ್ದೆವು. ಒಳಗೆ ನಡೆಯಲು ಜಾಗವಿರಲಿಲ್ಲ. ಕೆಳಗಿನ ಕೋಣೆಯಲ್ಲಿ ಮಶೀನು ಗುರ್ರೆಂದು ಶುರುವಾಯಿತು. ಅಕ್ಕ ರೇಡಿಯೋ ಆರಿಸಿದಳು. ಅದು ನಿಲ್ಲುವವರೆಗೂ, ಸುಮಾರು ಹತ್ತು ನಿಮಿಷ, ಮೂವರೂ ಅದನ್ನೇ ಕೇಳುತ್ತ ಕುಳಿತೆವು. ಆಮೇಲೆ ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಯ ಸದ್ದು. ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಮಾಸ್ಕಿನ ಅಂಚು ಕೆನ್ನೆಯ ಮೇಲೆ ಗುರುತು ಬಿಟ್ಟಿತ್ತು.

"ಮಾಮಾ, ಕಿಟಕಿ ಹಾಸಿಗೆಯವಳು ಮನೇಗೆ ಯಾವಾಗ ಹೋಗ್ತಾಳೆ?"

ಅಕ್ಕ ಲೋಟ ಕೆಳಗಿಟ್ಟಳು. ನಾನು ಭಾವನವರನ್ನು ನೋಡಿದೆ. ಅವರ ಬಾಯಿ ಅರ್ಧ ತೆರೆದಿತ್ತು.

"ಗೊತ್ತಿಲ್ಲ ಪುಟ್ಟಿ" ಎಂದರು.

"ಮತ್ತೆ ಯಾರನ್ನ ಕೇಳಬೇಕು?"

ಭಾವ ಎದ್ದು ಅಂಗಿ ಹಾಕಿಕೊಂಡರು. ಚಪ್ಪಲಿ ಮೆಟ್ಟಿ ಅವಳ ಕೈ ಹಿಡಿದುಕೊಂಡರು. "ಬಾ, ಹೆಡ್‌ಮೇಡಂನ ಕೇಳ್ಕೊಂಡು ಬರೋಣ."

ನಾನೂ ಅವರ ಹಿಂದೆ ಹೊರಟೆ. ಮೆಟ್ಟಿಲು ಇಳಿಯುವಾಗ ಪುಟ್ಟಿ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಎರಡು ಸಲವೂ ಭಾವ ಏನೂ ಮಾತಾಡದೆ, ಅವಳ ಉಸಿರು ಹದಕ್ಕೆ ಬರುವವರೆಗೂ ಅವಳ ಜೊತೆ ನಿಂತರು.